ನಲವತ್ತನೇ ಮಗು

ಮೇಷ್ಟ್ರ ಕೈಗೆ ಪೆನ್ನು, ಫಾರಂ ಕೊಟ್ಟು ಜನರ ಲೆಕ್ಕ ಬರೆಯಲು ಕಳಿಸಿದರೆ ಇಂಥವು ಆಗದೆ ಇರುವುದಿಲ್ಲ. ಎರಡು ಸಾವಿರದ ಇಸವಿ ದಾಟಿದ ಹೊಸತು. ಯಲ್ಲದಕೆರೆ ಕಡೆಯ ಒಂದು ಹಟ್ಟಿಯಲ್ಲಿ ಮನೆಮನೆಯ ವಯಸ್ಸು, ಕಸುಬು, ಮಕ್ಕಳ ವಿವರ ಬರೆಯುವ ಕೆಲಸ ನನಗೆ ಬಿತ್ತು. ಆರು ವರ್ಷದೊಳಗಿನ ಮಕ್ಕಳು ನಲವತ್ತು ಸಿಕ್ಕರೆ ಆ ಹಟ್ಟಿಗೆ ಅಂಗನವಾಡಿ ಎಂದಿದ್ದರು ಸಾಹೇಬರು.

ಅದಕ್ಕೆ ಬಾಯಿ ಬಿಟ್ಟುಕೊಂಡು ಕಾದಿದ್ದವಳು ಒಬ್ಬ ಅಜ್ಜಿ. ಹೊಲಕ್ಕೆ ಹೋಗುವವರೆಲ್ಲ ಮಕ್ಕಳನ್ನು ಅವಳ ಜಗಲಿಯಲ್ಲೇ ಬಿಟ್ಟು ಹೋಗುತ್ತಿದ್ದರು. "ನನ್ನ ಜೀವ ಹಣ್ಣಾಗೈತೆ ಮೇಷ್ಟ್ರೇ, ಬೇಗ ಬರ್ಕಳ್ರಿ" ಎಂದಳು.

ಅಜ್ಜನ ವಯಸ್ಸು

ಮೊದಲ ಮನೆಯ ಅಜ್ಜ ವಯಸ್ಸು ಅರವತ್ತು ಎಂದ.

"ಹತ್ತು ವರ್ಷದ ಹಿಂದೆ ನಾನೇ ಬಂದಿದ್ದೆ. ಆಗಲೂ ಅರವತ್ತು ಅಂದಿದ್ರಿ!"

"ಸರ್ಕಾರದ ಪುಸ್ತಕದಾಗೆ ಬರೆದಿದ್ದನ್ನ ತಿದ್ದಾಕೆ ನಾನ್ಯಾರು?" ಎಂದ ಅಜ್ಜ.

ಒಲೆ ಲೆಕ್ಕ

ಒಂದು ಒಲೆಯಲ್ಲಿ ಉಣ್ಣುವವರು ಒಂದು ಕುಟುಂಬ, ಇದು ನಮ್ಮ ನಿಯಮ. ಅಣ್ಣತಮ್ಮಂದಿರ ಮನೆಯಲ್ಲಿ ಎರಡು ಒಲೆ ಉರಿಯುತ್ತಿದ್ದವು, ಎರಡು ಕುಟುಂಬ ಎಂದು ಬರೆದೆ. ಮರುದಿನ ನೋಡಿದರೆ ಒಂದೇ ಒಲೆ.

ಹಿರಿ ಸೊಸೆ ನಕ್ಕಳು. "ನಿನ್ನೆ ಜಗಳ ಆಗಿತ್ತು ಸಾರ್. ಪೆನ್ಸಿಲ್‌ನಾಗೆ ಬರ್ಕಳ್ರಿ, ನಾಳೆ ಹೆಂಗೋ ಏನೋ!"

ಒಂದು ಕಮ್ಮಿ

ಮಕ್ಕಳ ಲೆಕ್ಕ ಮುಗಿಯಿತು. ಮೂವತ್ತೊಂಬತ್ತು! ಅಜ್ಜಿಯ ಮುಖ ನೋಡಲಾಗಲಿಲ್ಲ.

ಅಜ್ಜಿಯ ಮೊಮ್ಮಗನ ಹೆಂಡತಿ ತುಂಬು ಬಸುರಿ. "ಹೊಟ್ಟೇಲಿರೋದನ್ನ ಬರ್ಕಳ್ರಿ" ಎಂದಳು ಅಜ್ಜಿ. ಹುಟ್ಟದೆ ಬರೆಯುವಂತಿಲ್ಲ ಎಂದೆ. ಫಾರಂ ಕೊಡಲು ಇನ್ನು ಎಂಟೇ ದಿನ.

ಅಷ್ಟರಲ್ಲಿ ಹುಡುಗಿಯ ತಾಯಿ ಶ್ರೀರಾಂಪುರದಿಂದ ಬಂದಳು, ಮೊದಲ ಹೆರಿಗೆಗೆ ಮಗಳನ್ನು ತವರಿಗೆ ಕರೆದೊಯ್ಯಲು. ಅಜ್ಜಿ ಬಾಗಿಲಿಗೆ ಅಡ್ಡ ನಿಂತಳು. "ನಮ್ಮ ಮಗೀನ ನಿಮ್ಮೂರಿನ ಲೆಕ್ಕಕ್ಕೆ ಬಿಡಾಕಿಲ್ಲ!"

ನಾನು ನಿಯಮದ ಪುಸ್ತಕ ತೆಗೆದು ಓದಿದೆ. ಎಲ್ಲೇ ಹುಟ್ಟಲಿ, ತಾಯಿ ಸಂಸಾರ ಮಾಡುವ ಊರಿನ ಲೆಕ್ಕಕ್ಕೇ ಮಗು. ಆಮೇಲೇ ಅಜ್ಜಿ ದಾರಿ ಬಿಟ್ಟಿದ್ದು.

ಎಂಟನೇ ದಿನ ಬಸ್ಸಿನ ಕಂಡಕ್ಟರ್ ಸುದ್ದಿ ತಂದ: ಅವಳಿ ಜವಳಿ! ಮೂವತ್ತೊಂಬತ್ತನ್ನು ಹೊಡೆದುಹಾಕಿ ಖುಷಿಯಿಂದ ನಲವತ್ತೊಂದು ಎಂದು ಬರೆದೆ.

"ಇನ್ನು ನಿನ್ನ ಜಗಲಿ ಖಾಲಿ ಅಜ್ಜಿ, ಆರಾಮಾಗಿರು" ಎಂದೆ.

ಅಜ್ಜಿ ಖಾಲಿ ಜಗಲಿಯನ್ನು ಊಹಿಸಿಕೊಂಡಳೋ ಏನೋ, ಸೆರಗಿನಿಂದ ಅದರ ಅಂಚು ಒರೆಸಿದಳು. ಆಮೇಲೆ ಕೇಳಿದಳು: "ಸರ್ಕಾರ ಕೇಳಿದ್ದು ನಲವತ್ತು ತಾನೆ? ಮಿಕ್ಕಿದ್ದೊಂದು ನನಗಿರ್ಲಿ ಬಿಡ್ರಿ."