ಹತ್ತಕ್ಕೆ ಹತ್ತು ಪಡೆದ ಆಹ್ವಾನ

ನನ್ನ ಹೆಂಡತಿಗೆ ಇಂಗ್ಲಿಷ್ ಬರುವುದಿಲ್ಲವೆಂದು ನಾನು ಎಂದೂ ದೂರಿದವನಲ್ಲ. ದೂರಬೇಕಾದರೆ ಅವಳು ಎದುರಿಗೆ ಸಿಗಬೇಕಲ್ಲ? ಅವಳು ಆಸ್ಪತ್ರೆಯಲ್ಲಿ ನರ್ಸ್. ಮಧ್ಯಾಹ್ನ ಹೊರಟರೆ, ನನ್ನ ಗೊರಕೆ ಎರಡನೇ ಅಧ್ಯಾಯ ತಲುಪಿದ ಮೇಲೆ ಬರುತ್ತಾಳೆ. ನಾನು ಕುಡಿಯುವ ನೀರು ಪರೀಕ್ಷಿಸುವ ಲ್ಯಾಬಿನವನು. ಬೆಳಿಗ್ಗೆ ಏಳಕ್ಕೆ, ಅವಳು ನಿದ್ದೆಯಲ್ಲಿರುವಾಗ, ಮೆಲ್ಲಗೆ ಬಾಗಿಲೆಳೆದುಕೊಂಡು ಹೋಗುತ್ತೇನೆ. ಭಾನುವಾರ ಮಾತ್ರ ಇಬ್ಬರಿಗೂ ರಜೆ.

ಹೆಡ್ ನರ್ಸ್ ಆಗಲು ಇಂಗ್ಲಿಷ್ ಪರೀಕ್ಷೆ ಪಾಸಾಗಬೇಕೆಂದು ಅವಳು ಹೇಳಿದ ದಿನ ನನ್ನೊಳಗಿನ ವಿಜ್ಞಾನಿ ಎದ್ದು ಕೂತ. ಊಟದ ಮೇಜಿನ ಮೇಲೆ ಒಂದು ನೋಟ್‌ಬುಕ್ ಸ್ಥಾಪನೆಯಾಯಿತು. ಪದ, ಅರ್ಥ ನಾನು ಬರೆಯುವುದು. ಇಂಗ್ಲಿಷಿನಲ್ಲಿ ಉದಾಹರಣೆ ವಾಕ್ಯ ಅವಳದು. ಬೆಳಿಗ್ಗೆ ಕೆಂಪು ಶಾಯಿಯಲ್ಲಿ ತಿದ್ದಿ, ಅಂಕ ಕೊಟ್ಟು, ದಿನಾಂಕ ಸಹಿತ ಸಹಿ ಹಾಕುತ್ತಿದ್ದೆ. (ಸಹಿಯಿಲ್ಲದ ವರದಿಗೆ ಲ್ಯಾಬಿನಲ್ಲಿ ಕವಡೆ ಕಿಮ್ಮತ್ತಿಲ್ಲ.) ಭಾನುವಾರಗಳಂದು ಒಳಕೋಣೆ ಸೇರಿ ಮುಂದಿನ ವಾರದ ಪದಪಟ್ಟಿ ಸಿದ್ಧಪಡಿಸುತ್ತಿದ್ದೆ. ಮೂರು ತಿಂಗಳಲ್ಲಿ ಅವಳ ಸರಾಸರಿ ಐದೂವರೆಯಿಂದ ಒಂಬತ್ತಕ್ಕೇರಿತು. ಪಾಸಾದಳು, ಬಡ್ತಿಯೂ ಬಂತು. ನಾನು ಮೀಸೆ ತಿರುವಿದೆ.

ಅಕ್ಕನಿಗೆ ಶುಭಾಶಯ ಹೇಳಲು ಬಂದ ನಾದಿನಿ ನೋಟ್‌ಬುಕ್ಕಿನ ಪುಟ ತಿರುವತೊಡಗಿದಳು.

"ಭಾವ, ಇದನ್ನ ನೀವೇ ತಿದ್ದಿದ್ದಾ?"

"ಒಂದೊಂದು ಅಕ್ಷರ."

"'ಪೋಸ್ಟ್‌ಪೋನ್'. ಅಕ್ಕ ಬರೆದಿದಾಳೆ, ನನ್ನ ಗಂಡ ನನ್ನ ಜೊತೆ ವಾಕಿಂಗ್ ಬರೋದನ್ನ ಆರನೇ ಸಲ ಮುಂದಕ್ಕೆ ಹಾಕಿದ್ರು ಅಂತ. ನೀವು, ಉತ್ತಮ ಪ್ರಗತಿ ಅಂದಿದೀರಿ."

"ವಾಕ್ಯ ಸರಿ ಇತ್ತಲ್ಲಮ್ಮ."

"'ವೇಕೆಂಟ್'. ಭಾನುವಾರ ಕೂಡ ನನ್ನೆದುರಿನ ಕುರ್ಚಿ ಖಾಲಿ. ನೀವು, ಇನ್ನೊಂದು ಉದಾಹರಣೆ ಬೇಕು ಅಂದಿದೀರಿ."

"ಕೊಟ್ಟಿದಾಳಲ್ಲ?"

"ಕೊಟ್ಟಿದಾಳೆ. ಪಕ್ಕದ ಕುರ್ಚಿನೂ ಖಾಲಿ." ಅವಳು ನಗು ತಡೆದುಕೊಂಡಳು. "'ಇನ್ವೈಟ್'. ಭಾನುವಾರ ನಾಲ್ಕಕ್ಕೆ ಬಾಲ್ಕನಿಯಲ್ಲಿ ಚಹಾ ಕುಡಿಯೋಕೆ ನನ್ನ ಗಂಡನ್ನ ಕರೀತೀನಿ. ಹತ್ತಕ್ಕೆ ಹತ್ತು."

ಆ ಹತ್ತು ಅಂಕ ನನಗೆ ಚೆನ್ನಾಗಿ ನೆನಪಿತ್ತು. ಚಹಾ ಕುಡಿದ ನೆನಪಿರಲಿಲ್ಲ.

ಹೆಂಡತಿ ಸಮವಸ್ತ್ರಕ್ಕೆ ಇಸ್ತ್ರಿ ಹಾಕುತ್ತಿದ್ದಳು.

"ಬಾಯಿಬಿಟ್ಟು ಹೇಳಬಾರದಿತ್ತಾ?" ಎಂದೆ.

"ಹೇಳಿದ್ದೆ ರೀ. ಹೂಂ ಅಂದ್ರಿ. ಇಂಗ್ಲಿಷಲ್ಲಿ ಬರೆದ್ರೆ ಮನಸ್ಸಿಟ್ಟು ಓದ್ತೀರಲ್ಲ ಅಂತ ಬರೆದೆ. ಓದಿದ್ರಿ, ಮಾರ್ಕ್ಸೂ ಕೊಟ್ರಿ."

"ಈ ಭಾನುವಾರ ನಾಲ್ಕಕ್ಕೆ ನಾನೇ ಚಹಾ ಮಾಡ್ತೀನಿ."

"ಹೆಡ್ ನರ್ಸಿಗೆ ಭಾನುವಾರ ಡ್ಯೂಟಿ. ರಜೆ ಬುಧವಾರ."

ಬುಧವಾರ ನನಗೆ ಲ್ಯಾಬು. ಮಾಡಿದ್ದುಣ್ಣೋ ಮಹಾರಾಯ.

ಆದರೂ ಆ ಭಾನುವಾರ ಚಹಾ ಮಾಡಿದೆ, ಎರಡು ಕಪ್ಪು. ಅವಳದನ್ನು ರಾತ್ರಿ ಬಂದು ಬಿಸಿ ಮಾಡಿಕೊಳ್ಳಲಿ ಎಂದುಕೊಂಡು ಸಕ್ಕರೆ ಡಬ್ಬಿ ತೆರೆದವನು ಹಾಗೇ ನಿಂತೆ. ಅವಳಿಗೆ ಎಷ್ಟು ಚಮಚ? ಲೀಟರ್ ನೀರಿನಲ್ಲಿ ಒಂದು ಮಿಲಿಗ್ರಾಂ ಲವಣ ಹೆಚ್ಚಿದ್ದರೂ ಹಿಡಿಯುವ ನನಗೆ ಅದು ಗೊತ್ತಿರಲಿಲ್ಲ.

ಫೋನ್ ಮಾಡಿದೆ.

"ವಾರ್ಡಿನಲ್ಲಿದೀನಿ ರೀ," ಎಂದಳು. "ಏನಿದ್ರೂ ಬರೆದಿಡಿ, ಆಮೇಲೆ ನೋಡ್ತೀನಿ."