ಶನಿಯ ಹತ್ತಿರ ಕೆಟ್ಟು ನಿಂತ ಎರಡನೇ ಭಾಗ

ಪುಸ್ತಕ ಬರೆದವನಿಗೆ ಓದುಗರು ಎಲ್ಲಿ ಗಂಟುಬೀಳುತ್ತಾರೋ ಹೇಳಲಾಗದು. ನನಗಂತೂ ಕಾಯಿಪಲ್ಲೆ ಕೊಳ್ಳಲು ಹೋದರೂ ಒಬ್ಬರು ಸಿಗುತ್ತಾರೆ. ಎಂಬತ್ತರ ದಶಕದಲ್ಲಿ ನಾನು ಹಾವೇರಿಯ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಮಾಸ್ತರ. ಶನಿಗ್ರಹಕ್ಕೆ ರಾಕೆಟ್ ಹೋಗುವ ಕಾದಂಬರಿಯನ್ನು ಮೂರು ಭಾಗದಲ್ಲಿ ಬರೆದೆ. ಮೊದಲನೆಯದನ್ನು ಜನ ಕಸಿದುಕೊಂಡು ಓದಿದರು. ಅದರ ಕೊನೆಯ ಪುಟದಲ್ಲಿ ರಾಕೆಟ್ ಶನಿಯ ಒಂದು ಉಪಗ್ರಹದ ಮೇಲೆ ಕೆಟ್ಟು ಕೂತಿತು. ಎರಡನೇ ಭಾಗದ ತುಂಬ ಅದರ ರಿಪೇರಿ. ನನಗೆ ಅದೇ ಬಲು ಪ್ರೀತಿಯ ಭಾಗ! ಅದರ ಬಗ್ಗೆ ಒಬ್ಬರಾದರೂ ಒಂದು ಒಳ್ಳೆಯ ಮಾತು ಆಡಲಿ ಎಂದು ಕಿವಿ ತೆರೆದುಕೊಂಡು ತಿರುಗಿದೆ.

ಕಂಟ್ರೋಲರ್ ಸಾಹೇಬರು

ಹಾವೇರಿ ಬಸ್ ಸ್ಟ್ಯಾಂಡಿನ ಕಂಟ್ರೋಲರ್ ನನ್ನನ್ನು ಕಂಡವರೇ ಕಿಟಕಿಯಿಂದ ಕೂಗಿದರು.

"ಬರ್ರಿ ಮಾಸ್ತರ! ಎರಡನೇ ಭಾಗ ಓದೇನಿ!"

ಕಿಟಕಿಯತ್ತ ಓಡಿದೆ.

"ಏನ್ರಿ ಇದು, ನೂರಾ ಅರವತ್ತು ಪುಟ ಗಾಡಿ ನಿಂತಲ್ಲೇ ನಿಂತೈತಿ! ಇಲ್ಲಿ ಕರ್ಜಗಿ ಬಸ್ಸು ಹತ್ತು ಮಿನಿಟು ತಡಾ ಆದ್ರ ಮಂದಿ ನನ್ನ ಕೊರಳಪಟ್ಟಿ ಹಿಡೀತಾರ. ನಿಮ್ಮ ಗಾಡ್ಯಾಗಿನವರು ಒಬ್ಬರರೆ ಇಳದು ಕೇಳಬಾರದಾ?"

"ಅಲ್ಲಿ ಗಾಳಿ ಇಲ್ರಿ, ಇಳದ್ರ ಸಾಯ್ತಾರ" ಎಂದೆ.

"ಹಂಗಾರ ಬ್ಯಾರೆ ಗಾಡಿ ಕಳಸಬೇಕಿತ್ತು. ಅಷ್ಟು ದೊಡ್ಡ ಶನಿ, ಒಂದು ಡಿಪೋ ಇಲ್ಲೇನ್ರಿ?"

ಬ್ಯಾಡಗಿಯ ಮೆಚ್ಚುಗೆ

ಬ್ಯಾಡಗಿ ನನ್ನ ಹೆಂಡತಿಯ ತವರು. ಅಲ್ಲಿಯ ಮೆಣಸಿನಕಾಯಿ ವ್ಯಾಪಾರಿಯೊಬ್ಬರು ಪೇಟೆಯ ನಡುವೆ ನನ್ನ ಕೈ ಹಿಡಿದರು.

"ಮಾಸ್ತರ, ನಿಮ್ಮ ಎರಡನೇ ಭಾಗ ನಮ್ಮೂರ ಮೆಣಸಿನಕಾಯಿ ಇದ್ದಂಗ ಐತಿ ನೋಡ್ರಿ."

ಊರೂರಿಗೆ ಹೆಸರಾದ ಮೆಣಸಿನಕಾಯಿ! ಇದಕ್ಕಿಂತ ಬೇರೆ ಬಿರುದು ಬೇಕೆ? ಅವರಿಗೆ ಮಿರ್ಚಿ ಭಜಿ ತಿನ್ನಿಸಿ, ಚಹಾ ಕುಡಿಸಿ, ಮೂರು ಸಲ ನಮಸ್ಕಾರ ಮಾಡಿ, ಮಾವನ ಮನೆಗೆ ಹಾರಿಕೊಂಡೇ ಬಂದು ಹೆಂಡತಿಗೆ ಹೇಳಿದೆ. ಚಟ್ನಿ ಕುಟ್ಟುತ್ತಿದ್ದವಳು ಒನಕೆ ಬಿಟ್ಟು ನಕ್ಕಳು.

"ಬಣ್ಣ ಭಾಳ, ಖಾರ ಇಲ್ಲ ಅಂತ ಅಂದಾರ್ರೀ ಅವರು. ಅದನ್ನ ಕೇಳಿ ಭಜಿ ಬ್ಯಾರೆ ತಿನ್ನಿಸಿ ಬಂದ್ರಿ?"

ರಾಣೆಬೆನ್ನೂರಿನ ರಟ್ಟು

ಮೂರನೇ ಭಾಗವೂ ಬಂತು. ರಾಣೆಬೆನ್ನೂರಿನ ಒಂದು ವಾಚನಾಲಯದವರು ಮೂರೂ ಭಾಗ ಸೇರಿಸಿ ಒಂದೇ ದಪ್ಪ ಪುಸ್ತಕ ಮಾಡಿಸಿದರು. ಸ್ವಲ್ಪ ದಿನಕ್ಕೆ ಐರಣಿಯ ನಿವೃತ್ತ ಹೆಡ್ ಮಾಸ್ತರರು ಅದನ್ನು ಓದಿ, ನನ್ನನ್ನು ಹುಡುಕಿಕೊಂಡು ಹಾವೇರಿಗೇ ಬಂದರು.

"ಒಂದು ಪುಟಾನೂ ಬ್ಯಾಸರ ಆಗಲಿಲ್ರಿ! ನಡುವಿನ ಭಾಗ ಅಂತೂ ಯಾವಾಗ ಬಂತು, ಯಾವಾಗ ಹೋತು, ಗೊತ್ತ ಆಗಲಿಲ್ಲ!"

ಕಣ್ಣಲ್ಲಿ ನೀರು ಬಂತು. ಆ ಪುಸ್ತಕವನ್ನು ಕಣ್ಣಾರೆ ನೋಡಲು ಮರುದಿನವೇ ರಾಣೆಬೆನ್ನೂರಿನ ಬಸ್ಸು ಹಿಡಿದೆ. ವಾಚನಾಲಯದಲ್ಲಿ ಪುಸ್ತಕ ತೆರೆದರೆ ಮೊದಲ ಭಾಗ ಮುಗಿದ ಕೂಡಲೇ ಮೂರನೆಯದು! ನಡುವಿನದು ಇಲ್ಲವೇ ಇಲ್ಲ. ಪುಸ್ತಕ ಕಂಕುಳಲ್ಲಿಟ್ಟುಕೊಂಡು ಅದನ್ನು ಹೊಲಿದ ಬೈಂಡಿಂಗ್ ಚಾಚಾನ ಅಂಗಡಿಗೆ ಧಾವಿಸಿದೆ.

"ಚಾಚಾ, ಎರಡನೇ ಭಾಗ ಎಲ್ಲಿ?"

ಹಾಳೆ ಅಂಟಿಸುವ ಖಳಿಯ ಬ್ರಷ್ ಅವರ ಕೈಯಲ್ಲೇ ಇತ್ತು. ಚಾಚಾ ನೆಮ್ಮದಿಯಿಂದ ಅಂದರು, "ನಾ ಓದದ ಯಾವ ಪುಸ್ತಕಾನೂ ಹೊಲಿಯೂದಿಲ್ರಿ. ಮೊದಲನೇದು ಮುಗಿಯೂದು 'ಗಾಡಿ ಕೆಟ್ಟಿತು' ಅಂತ. ಮೂರನೇದು ಸುರು ಆಗೂದು 'ರಿಪೇರಿ ಮುಗಿಯಿತು' ಅಂತ. ಖರೇ ಹೇಳ್ರಿ, ನಡುವ ಏನ್ ಬೇಕಿತ್ತು?"

ಪುಸ್ತಕವನ್ನು ಅವರ ಮುಂದೆ ಹಿಡಿದೆ. "ಅದನ್ನ ಎಲ್ಲಿ ಒಗದ್ರಿ?"

ಚಾಚಾ ನೊಂದುಕೊಂಡರು. "ಅಯ್ಯ, ಪುಸ್ತಕ ಒಗೀತೇನೇನ್ರಿ ನಾ? ಇಲ್ಲೇ ಐತಿ." ಪುಸ್ತಕದ ರಟ್ಟಿನ ಮೇಲೆ ಟಪಟಪ ಬಡಿದರು. "ಹಾಳಿ ಮ್ಯಾಲ ಹಾಳಿ ಖಳಿ ಹಚ್ಚಿ ರಟ್ಟು ಮಾಡೇನಿ. ಯಾರು ಎಷ್ಟು ಎಳದಾಡಿದ್ರೂ ಹರಿಯೂದಿಲ್ಲ. ನಿಮ್ಮ ಎರಡನೇ ಭಾಗ ಭಾಳ ಗಟ್ಟಿ ಐತ್ರಿ ಮಾಸ್ತರ!"

ಕೊನೆಗೂ ಒಂದು ಒಳ್ಳೆಯ ಮಾತು! ಚಾಚಾನ ಎರಡೂ ಕೈ ಹಿಡಿದು ಕುಲುಕಿದೆ. ಬಿಡಿಸಿಕೊಳ್ಳಲು ಹೊತ್ತು ಹಿಡಿಯಿತು, ಖಳಿಯೂ ಗಟ್ಟಿಯಿತ್ತು.