ವೈರಿಲ್ಲದ ದೋಣಿ

ಗಾಳಿಯಲ್ಲಿ ಬರುವ ಯಾವುದನ್ನೂ ನಾನು ನಂಬುವವನಲ್ಲ. ನೆರೂಳದ ನಮ್ಮ ಬಿಲ್ಡಿಂಗಿನಲ್ಲಿ ಎಲ್ಲರೂ ವೈಫೈ ಹಾಕಿಸಿಕೊಂಡಾಗ ನಾನೊಬ್ಬ ಹಾಲ್‌ನಿಂದ ಬೆಡ್‌ರೂಮಿನವರೆಗೆ ಹಳದಿ ಕೇಬಲ್ ಎಳೆದೆ. ಅದಕ್ಕೆ ಎಡವದ ನೆಂಟರಿಲ್ಲ. "ಪಪ್ಪಾ, ಲೋಗ್ ಹಸ್ತೇ ಹೈ" ಎಂದು ಮಗಳು ಗೊಣಗುತ್ತಾಳೆ. ಇನ್ನೂ ಸ್ವಲ್ಪ ಮೇಲಕ್ಕೆ ಕಟ್ಟಿದರೆ ಬಟ್ಟೆಯಾದರೂ ಒಣಗಿಸಬಹುದಿತ್ತು ಎಂದು ಹೆಂಡತಿಯ ತಕರಾರು. ನಗುವವರು ನಗಲಿ. ವೈರು ಕಡಿದರೆ ಕಡಿದ ಜಾಗ ಕಣ್ಣಿಗೆ ಕಾಣುತ್ತದೆ; ಗಾಳಿ ಎಲ್ಲಿ ಕಡಿಯಿತೆಂದು ಯಾರಿಗೆ ಗೊತ್ತು?

ಇದು ನನ್ನ ಹೊಟ್ಟೆಪಾಡಿನ ಮಾತೂ ಹೌದು. ಮೀನಿನ ದೋಣಿಗಳಿಗೆ ನೀರಿನ ಆಳ ತೋರಿಸುವ ಯಂತ್ರ ಕೂರಿಸುವುದು ನನ್ನ ಕೆಲಸ. ದೋಣಿಯ ತಳದಲ್ಲಿರುವ ಡಬ್ಬಿ ಆಳ ಅಳೆಯುತ್ತದೆ, ಚುಕ್ಕಾಣಿಯ ಮುಂದಿನ ಪರದೆಯಲ್ಲಿ ಅಂಕಿ ಮೂಡುತ್ತದೆ. ಎರಡರ ನಡುವೆ ವೈರು ಎಳೆಯಬಹುದು, ಇಲ್ಲವೇ ವೈರ್‌ಲೆಸ್ ಹಾಕಬಹುದು. ನಮ್ಮ ಅಂಗಡಿಯ ಸೇಠ್ ವೈರ್‌ಲೆಸ್ ಪಕ್ಷ. "ಛೇದ್ ನಹೀ, ಝಂಝಟ್ ನಹೀ", ತೂತೂ ಬೇಡ ರಗಳೆಯೂ ಬೇಡ ಎಂಬುದು ಅವನ ಮಂತ್ರ. ನಾನು ಗಿರಾಕಿಗಳ ಕಿವಿಯಲ್ಲಿ ವೈರಿನ ಮಹಿಮೆ ಊದಿ ಅವನಿಂದ ಬೈಸಿಕೊಳ್ಳುವವನು.

ಇಷ್ಟೆಲ್ಲ ಊದುವ ನಾನು ಅಕ್ಕನ ಗಂಡ ಸದಾನಂದ ಭಾವನ ದೋಣಿಗೆ ವೈರ್‌ಲೆಸ್ಸನ್ನೇ ಹಾಕಿದೆ. ಭಾವ ಮಲ್ಪೆ ಕಡೆಯವರು, ಇಲ್ಲಿ ಬೇಲಾಪುರದ ಖಾಡಿಯಲ್ಲಿ, ಅಂದರೆ ಸಮುದ್ರದ ಹಿನ್ನೀರಿನಲ್ಲಿ, ದೋಣಿ ಇಟ್ಟವರು. ವೈರು ಹೋಗಬೇಕಾದ ದಾರಿಗೆ ಅಡ್ಡವಾಗಿ ಚುಕ್ಕಾಣಿ ಕೋಣೆಯ ಹಲಗೆಯಿತ್ತು. ದೋಣಿ ಮೊದಲ ಸಲ ನೀರಿಗಿಳಿದ ದಿನ ಕುಂಕುಮ ಹಚ್ಚಿ, ಕಾಯಿ ಒಡೆದು ಪೂಜಿಸಿದ ಹಲಗೆ ಅದು. ಆಮೇಲೆ ಅದಕ್ಕೆ ಕಬ್ಬಿಣ ತಾಗಿಸುವ ಹಾಗಿಲ್ಲ. "ದೇವರಿಗೆ ಡ್ರಿಲ್ ಹೊಡಿಯುದಾ ಮಾರಾಯ? ನಿನ್ನ ವೈರು ನಿನ್ನ ಮನೆಯಲ್ಲೇ ಇರ್ಲಿ" ಎಂದರು ಭಾವ. ವೈರ್‌ಲೆಸ್ ಒಂದು ಹಂಗಾಮು ಚೆನ್ನಾಗಿಯೇ ನಡೆಯಿತು. ಮಳೆಗಾಲದ ರಜೆ ಮುಗಿದು ದೋಣಿಗಳು ಮತ್ತೆ ಹೊರಡುವ ನಾರಳಿ ಪೌರ್ಣಿಮೆಗೆ ಭಾವ ಹರಕೆಯೆಂದು ಆ ಹಲಗೆಗೆ ಪೂರ್ತಿ ಹಿತ್ತಾಳೆ ತಗಡು ಹೊದಿಸಿದರು. ಮೊಳೆಯೂ ಕಬ್ಬಿಣವೇ ಎಂದು ಅಂಟು ಹಾಕಿ ಕೂರಿಸಿದರಂತೆ, ಅಷ್ಟು ಭಕ್ತಿ. ತಗಡನ್ನು ದಾಟಿ ವೈರ್‌ಲೆಸ್ ಬರುವುದಿಲ್ಲವೆಂದು ಅವರಿಗೆ ಗೊತ್ತಿರಲಿಲ್ಲ. ತಗಡು ಬಂದಿದೆಯೆಂದು ನನಗೆ ಯಾರೂ ಹೇಳಲಿಲ್ಲ.

ಹೊರಟ ಬೆಳಿಗ್ಗೆ ಮಳೆ ಕವಿದು ದಡ ಕಾಣುತ್ತಿರಲಿಲ್ಲ. ಭಾವ ಪರದೆಯನ್ನೇ ನಂಬಿ ದೋಣಿ ನಡೆಸಿದರು. ಪರದೆಯಲ್ಲಿ ಯಾವಾಗಲೋ ಸಿಕ್ಕಿದ ಅಂಕಿ ಹಾಗೇ ನಿಂತುಬಿಟ್ಟಿತ್ತು. ದೋಣಿ ಬಂಡೆಗೆ ಬಡಿದು ವಾಲಿತು. ನೀರಿಗೆ ಬಿದ್ದ ಭಾವನನ್ನು ಇನ್ನೊಂದು ದೋಣಿಯವರು ಎತ್ತಿಕೊಂಡರು. ಇಂಜಿನ್ ನೋಡುತ್ತಿದ್ದ ರಾಘವ ಸಿಗಲೇ ಇಲ್ಲ. ಕಳವಾ ಎಂಬಲ್ಲಿ ಒಂದೇ ಕೋಣೆಯಲ್ಲಿ ಸಂಸಾರ ಹೂಡಿದ್ದ ನಗುಮುಖದ ಮನುಷ್ಯ. ನನ್ನ ವೈರಿನ ಭಾಷಣವನ್ನು ಪೂರ್ತಿ ಕೇಳುತ್ತಿದ್ದವನು ಅವನೊಬ್ಬನೇ.

"ದೇವರು ಕಾಯ್ದ" ಎಂದರು ಭಾವ, ಮನೆಗೆ ಬಂದ ಮೇಲೆ.

"ಯಾರನ್ನು?" ಎಂದಳು ಅಕ್ಕ. "ವೈರು ಎಳೆಯದೆ ಈ ದೋಣಿ ನೀರಿಗಿಳಿದ್ರೆ ನಾನು ಈ ಮನೆಯಲ್ಲಿ ಇರುದಿಲ್ಲ." ಭಾವ ನನ್ನ ಕಡೆ ತಿರುಗಿ, "ಆಯ್ತು, ಕೊರಿ ಮಾರಾಯ" ಎಂದರು.

ರಿಪೇರಿಗೆಂದು ಎಳೆದುತಂದ ದೋಣಿಯಲ್ಲಿ ತಗಡು ಕಿತ್ತು ಡ್ರಿಲ್ ಹಿಡಿದು ನಿಂತೆ. ಊರಿಗೆಲ್ಲ ವೈರಿನ ಪುರಾಣ ಹೇಳುವ ಗಂಡಸು ನಾನು, ಕುಂಕುಮ ಕಂಡದ್ದೇ ಚಪ್ಪಲಿ ಕಳಚಿದೆ, ಕೆನ್ನೆ ಬಡಿದುಕೊಂಡೆ. ಆಮೇಲೆ ಕೊರೆದೆ. ಪಕ್ಕದಲ್ಲಿಟ್ಟಿದ್ದ ಚಹಾ ಆರುವ ಮೊದಲೇ ಕೆಲಸ ಮುಗಿಯಿತು. ರಾಘವನ ಬಟ್ಟೆಯ ಚೀಲ ಒಯ್ಯಲು ಬಂದಿದ್ದ ಅವನ ಹೆಂಡತಿ ಸುಮತಿ ಬಾಗಿಲಲ್ಲೇ ನಿಂತು ನೋಡುತ್ತಿದ್ದಳು. ಹತ್ತಿರ ಬಂದು ತೂತಿನೊಳಗೆ ಕಿರುಬೆರಳು ತೂರಿಸಿ ನೋಡಿದಳು.

"ಇಷ್ಟೇನಾ ಅಣ್ಣ?" ಎಂದಳು.

ವೈರಿನ ಬಗ್ಗೆ ತಾಸುಗಟ್ಟಲೆ ಮಾತಾಡಬಲ್ಲ ನಾನು, ಕೈಯಲ್ಲೇ ಇದ್ದ ಡ್ರಿಲ್ಲನ್ನು ಪೆಟ್ಟಿಗೆಯಲ್ಲೆಲ್ಲ ಹುಡುಕತೊಡಗಿದೆ.